ಬಡಾವಣೆ ನಕ್ಷೆಯ ಮೇಲೆ ಗ್ರಾಮ ನಕ್ಷೆಯೂ ಇರಲಿ

ಮಾನ್ಯರೇ,

ದೇವನಹಳ್ಳಿ, ಹೊಸಕೋಟೆ, ಆನೇಕಲ್ ಸುತ್ತ ಹೊಲಗಳು ಸೈಟುಗಳಾಗುತ್ತಿವೆ. ಮಾರುವ ರೈತನನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಹೊಲದ ಜೊತೆಗೇ ಗುಂಡುತೋಪು, ಬಂಡಿದಾರಿ, ಕಲ್ಲುಕಟ್ಟಡದ ಬಾವಿ, ವೀರಗಲ್ಲುಗಳೂ ಹೋಗಬೇಕೆಂದು ಯಾವ ಕಾನೂನಿನಲ್ಲಿದೆ?

ಸೈಟು ಕೊಳ್ಳುವವರು ಪಹಣಿಯಲ್ಲಿ ಮಾಲೀಕರ ಹೆಸರು ನೋಡಿ ಸುಮ್ಮನಾಗುತ್ತಾರೆ. 3ನೇ ಕಾಲಂನ ಖರಾಬನ್ನೂ (ಸಾಗುವಳಿ ಲೆಕ್ಕಕ್ಕೆ ಸೇರದ ಜಾಗ) ನೋಡಬೇಕು. ‘ಅ’ ಖರಾಬು ಎಂದರೆ ಬಂಡೆ, ಕಣದಂಥ ಸಾಗುವಳಿಗೆ ಬಾರದ ಜಾಗ. ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಸ್ವತ್ತು. ಅದನ್ನು ಮಾರುವ ಹಕ್ಕು ಜಮೀನಿನ ಮಾಲೀಕರಿಗಿಲ್ಲ. 2 ಗುಂಟೆ ‘ಬ’ ಖರಾಬು ಅಂದರೆ 2,178 ಚದರಡಿ, ಎರಡು 30x40 ಸೈಟಿಗೆ ಸ್ವಲ್ಪ ಕಡಿಮೆ. ಬಡಾವಣೆ ಮಾಡುವವರಿಗೆ ಆಸೆ ಹುಟ್ಟುವುದು ಇಲ್ಲೇ. ಜೆಸಿಬಿ ಒಂದು ದಿನ ಓಡಾಡಿದರೆ ಕಾಲುವೆ ಮಟ್ಟವಾಗುತ್ತದೆ, ಬದಲಿಗೆ ಕಾಂಪೌಂಡಿನ ಅಂಚಿಗೆ ಕಿರಿದಾದ ಚರಂಡಿ ಬರುತ್ತದೆ. ಇಳಿಜಾರು ಮಾತ್ರ ಹಳೆಯದೇ. ಜೋರು ಮಳೆ ಬಂದಾಗ ನೀರು ಚರಂಡಿಯ ತಿರುವಿನಲ್ಲಿ ಉಕ್ಕಿ, ಹಳೇ ಜಾಡು ಹಿಡಿದು ಮನೆಯೊಳಗೆ ನುಗ್ಗುತ್ತದೆ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಗ್ರಾಮ ನಕ್ಷೆ, ಟಿಪ್ಪಣಿ (ಸರ್ವೆ ನಂಬರಿನ ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ಮೂರೂ ಸರ್ವೆ ಇಲಾಖೆಯಲ್ಲಿವೆ. ಬಡಾವಣೆ ನಕ್ಷೆಯ ಮೇಲೆ ಗ್ರಾಮ ನಕ್ಷೆಯನ್ನು ಅದೇ ಅಳತೆಗೆ ತಂದು ಕೂರಿಸಿ, ತೋಪು, ಬಾವಿ, ದಾರಿ, ಕಾಲುವೆ ಗುರುತಿಸಿದ ಮೇಲೆಯೇ ಅನುಮೋದನೆ ಕೊಡಲಿ. ಹೇಗೂ ಪಾರ್ಕಿಗೆ ಜಾಗ ಬಿಡಲೇಬೇಕು. ಈಗ ಮಾರಾಟವಾಗದ ಓರೆಕೋರೆ ಮೂಲೆ ಪಾರ್ಕಾಗುತ್ತಿದೆ. ಅದನ್ನು ಬಾವಿಯೋ ವೀರಗಲ್ಲೋ ಇರುವ ಕಡೆಗೇ ಬಿಡಿಸಿದರೆ ಮಾಲೀಕರಿಗೆ ಒಂದಡಿಯೂ ನಷ್ಟವಿಲ್ಲ.

ವೀರಗಲ್ಲನ್ನು ಹಗುರವಾಗಿ ಕಾಣುವವರು ನೆನಪಿಡಬೇಕು: ‘ಬೆಂಗಳೂರು’ ಎಂಬ ಹೆಸರು ಸಿಗುವುದು ಬೇಗೂರಿನ ಸುಮಾರು ಕ್ರಿ.ಶ. 890ರ ವೀರಗಲ್ಲು ಶಾಸನದಲ್ಲಿ. ಹೆಬ್ಬಾಳದ ಕಿತ್ತಯ್ಯನೆಂಬ ವೀರನ ಕಲ್ಲು ಸುಮಾರು 750ರದು. ಅದು ಬೆಳಕಿಗೆ ಬಂದದ್ದು 2018ರಲ್ಲಿ, ಊರು ಪೂರ್ತಿ ನಗರವಾದ ಮೇಲೆ.

ಕಲ್ಲು ಸ್ಥಳಾಂತರಿಸುವುದು ಅನಿವಾರ್ಯವಾದರೆ, ಕೀಳುವ ಮೊದಲು ಜಿಪಿಎಸ್ ಗುರುತು, ಮುಖ ಮಾಡಿದ್ದ ದಿಕ್ಕು ಬರೆದಿಡಿ. ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ. ನೆಟ್ಟ ಬಿಸಿಲಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಬುಡಕ್ಕೆ ಸರಪಳಿ ಬಿಗಿಯಬೇಡಿ, ಬಟ್ಟೆಯ ಪಟ್ಟಿ ಬಳಸಿ. ಭಕ್ತಿಯಿಂದಲೇ ಆದರೂ ಎನಾಮಲ್ ಪೇಂಟ್ ಬಳಿಯಬೇಡಿ: ಬಣ್ಣ ಅಕ್ಷರದ ಗೆರೆಗಳಲ್ಲಿ ತುಂಬಿಕೊಂಡರೆ ಓದುವುದು ಕಷ್ಟ, ಕೆರೆಯಲು ಹೋದರೆ ಅಕ್ಷರವೇ ಹೋಗುತ್ತದೆ.

– ಓದುಗ, ಆನೇಕಲ್