ಗಿಡದ ಹೆಸರೊಂದನ್ನೇ ಬರೆದುಕೊಂಡು ಬರಬೇಡ

ಹೆಬ್ರಿ, ಉಡುಪಿ ಜಿಲ್ಲೆ

ಚಿರಂಜೀವಿ ಸುಮಂತನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಣಿಪಾಲದಲ್ಲಿ ಓದುತ್ತಾ ನಮ್ಮ ಕಡೆಯ ನಾಟಿ ಮದ್ದುಗಳ ಮೇಲೆ ಸಂಶೋಧನೆಗೆ ಹೊರಟಿದ್ದೀಯೆಂದು ನಿನ್ನ ಅಮ್ಮ ಹೇಳಿದಳು. ತುಂಬಾ ಸಂತೋಷವಾಯಿತು. ಮದ್ದು ಕೊಡುವವರ ಮನೆಗೆ ಹೋದಾಗ ಗಿಡದ ಹೆಸರೊಂದನ್ನೇ ಬರೆದುಕೊಂಡು ಬರಬೇಡ. ಬೇರೋ ತೊಗಟೆಯೋ, ಯಾವ ತಿಂಗಳಲ್ಲಿ ತೆಗೆದದ್ದು, ಅರೆದದ್ದೋ ಕುದಿಸಿದ್ದೋ, ಯಾರಿಗೆ ಕೊಡಬಾರದು, ಎಲ್ಲವನ್ನೂ ಕೇಳು.

ಚೀನಾದ ವಿಜ್ಞಾನಿ ತು ಯೂಯೂ ಮಲೇರಿಯಾಕ್ಕೆ ಮದ್ದು ಹುಡುಕುವಾಗ ಗಿಡದ ಸಾರ ಒಮ್ಮೆ ಫಲ ಕೊಟ್ಟರೆ ಇನ್ನೊಮ್ಮೆ ಕೊಡುತ್ತಿರಲಿಲ್ಲ. ನಾಲ್ಕನೆಯ ಶತಮಾನದ ವೈದ್ಯಗ್ರಂಥವೊಂದರಲ್ಲಿ ಅದನ್ನು ನೀರಿನಲ್ಲಿ ನೆನೆಸಿ, ಹಿಂಡಿ ಕುಡಿಯಬೇಕೆಂದಿತ್ತು. ಕುದಿಸುವ ಮಾತೇ ಇರಲಿಲ್ಲ. ಬಿಸಿಗೆ ಸತ್ವ ಕೆಡುತ್ತಿರಬಹುದೆಂದು ಅವರು ಕಡಿಮೆ ಶಾಖದಲ್ಲೇ ಕುದಿಯುವ ಈಥರ್ ಎಂಬ ದ್ರವ ಬಳಸಿ ಸಾರ ತೆಗೆದರು. ಮಲೇರಿಯಾದ ಮದ್ದು ಆರ್ಟೆಮಿಸಿನಿನ್ ದೊರೆತದ್ದು ಹೀಗೆ, 2015ರ ನೊಬೆಲ್ ಬಂದದ್ದೂ ಅದಕ್ಕೇ. ಮಲೇರಿಯಾದ ಕಾಟ ಕಂಡ ಮಂಗಳೂರಿನವರಿಗೆ ಅದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಜನರ ಮಾತು ಪರೀಕ್ಷೆಯಲ್ಲಿ ನಿಲ್ಲದಿದ್ದರೂ ಗಿಡವನ್ನು ಕೈಬಿಡಬೇಡ. ಅಂಗಳದ ನಿತ್ಯಪುಷ್ಪವನ್ನು ಸಕ್ಕರೆ ಕಾಯಿಲೆಗೆಂದು ಕುಡಿಯುತ್ತಿದ್ದರು. ಪ್ರಯೋಗಾಲಯದಲ್ಲಿ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಆ ಜಾಡು ಹಿಡಿದು ಹೋದವರಿಗೆ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಮದ್ದು ಸಿಕ್ಕಿತು. ಅದೇ ಗಿಡದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರಿಗೆ ಮದ್ದು. ಹಾಗೆಂದು ಆ ಎಲೆಯನ್ನು ಮನೆಯಲ್ಲಿ ಅರೆದು ಕುಡಿದರೆ ವಿಷವೇ ಸರಿ.

ನಮ್ಮ ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಯಂದು ಕುಡಿಯುವ ಪಾಲೆ ಮರದ ಕಷಾಯ ನಿನಗೆ ಗೊತ್ತೇ ಇದೆ. ಸೂರ್ಯ ಹುಟ್ಟುವ ಮೊದಲು ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಾರೆ. ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರೆದು, ಕಾಯಿಸಿದ ಬಿಳಿಕಲ್ಲನ್ನು ರಸಕ್ಕೆ ಹಾಕುತ್ತಾರೆ. ಆಮೇಲೆ ತಂಪಿಗೆ ಮೆಂತೆ ಗಂಜಿ. ಕತ್ತಲಿನಲ್ಲಿ ಮರ ತಪ್ಪಿ ಕಾಸರಕವೆಂಬ ವಿಷದ ಮರದ ತೊಗಟೆ ತಂದು ಜೀವಕ್ಕೇ ಕುತ್ತು ತಂದುಕೊಂಡವರಿದ್ದಾರೆ. ಪಾಲೆಯ ಎಲೆಗಳು ಒಂದೇ ಗಂಟಿನ ಸುತ್ತ ಗುಂಪಾಗಿರುತ್ತವೆ, ತೊಗಟೆ ಗೀರಿದರೆ ಹಾಲು ಬರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡೇ, ಹಾಲು ಇಲ್ಲ, ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಆದ್ದರಿಂದ ಬರೆದುಕೊಂಡ ಪ್ರತಿಯೊಂದು ಗಿಡದ ಮಾದರಿಯನ್ನೂ ಕಾಗದದಲ್ಲಿ ಒತ್ತಿ ಇಟ್ಟುಕೊಂಡು ಸಸ್ಯಶಾಸ್ತ್ರ ಬಲ್ಲವರಿಗೆ ತೋರಿಸು. ಬರೀ ಹೆಸರನ್ನು ನಂಬಬೇಡ.

ಇನ್ನೊಂದು ಮಾತಿದೆ, ಇದನ್ನು ಹೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಣ್ಣು ಹಳದಿಯಾದರೆ ಸಾಕು, ನಮ್ಮಲ್ಲಿ ಕಾಮಾಲೆಯೆಂದು ನೆಲನೆಲ್ಲಿ ಅರೆದು ಕೊಡುತ್ತಾರೆ. ಮಳೆಗಾಲದಲ್ಲಿ ಗದ್ದೆ, ತೋಟದ ಕೆಸರಿನಲ್ಲಿ ದುಡಿಯುವವರಿಗೆ ಇಲಿಜ್ವರ ಬಂದರೂ ಕಣ್ಣು ಹಳದಿಯಾಗುತ್ತದೆ. ಅದಕ್ಕೆ ಬೇಗನೆ ಆ್ಯಂಟಿಬಯಾಟಿಕ್ ಬೇಕು; ತಡವಾದರೆ ಮೂತ್ರಪಿಂಡವೇ ಕೈಕೊಡಬಹುದು. ನೀನು ಹೋದ ಮನೆಯಲ್ಲಿ ಅಂಥವರು ಕಂಡರೆ ಪುಸ್ತಕ ಮುಚ್ಚಿಟ್ಟು ಮೊದಲು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು.

ಮದ್ದು ಹೇಳಿಕೊಟ್ಟವರು ಒಪ್ಪಿದರೆ ನಿನ್ನ ಪ್ರಬಂಧದಲ್ಲಿ ಅವರ ಹೆಸರನ್ನು ಹಾಕು. ಒಪ್ಪದಿದ್ದರೆ ಒತ್ತಾಯ ಬೇಡ.

ಈ ಸಲ ಆಟಿ ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನವೇ ಬಾ. ಬೆಳಕಿರುವಾಗಲೇ ಎರಡೂ ಮರಗಳನ್ನು ತೋರಿಸುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ