ಕೀಯರ್‌ನಲ್ಲಿ ವೇಗದ ಗುಂಡಿ ಒಂದೇ ಇರುವುದಲ್ಲ

ಮಾನ್ಯ ಸಂಪಾದಕರೇ,

ನೆರೆ, ಚಂಡಮಾರುತ ಅಂದಾಗಲೆಲ್ಲ ಪತ್ರಿಕೆಗಳಲ್ಲಿ ಹ್ಯಾಮ್ ರೇಡಿಯೋದವರ, ಅಂದರೆ ಹವ್ಯಾಸಕ್ಕೆ ರೇಡಿಯೋ ನಡೆಸುವವರ ಸುದ್ದಿ ಬರುತ್ತದೆ, ಖುಷಿಯೇ. ಆದರೆ ಅವರು ಬಳಸುವ ಮೋರ್ಸ್ ಸಂಕೇತದ ವಿಷಯ ಬಂದರೆ ಮಾತು ಲೈಸೆನ್ಸ್ ಪರೀಕ್ಷೆಗೇ ಮುಗಿದುಹೋಗುತ್ತದೆ. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಾಗ ಮೋರ್ಸ್ ಕೂಡ ಹೋಯಿತು ಅಂದುಕೊಂಡವರು ಈಗಲೂ ಇದ್ದಾರೆ. ಸಂಜೆ ಹೊತ್ತಿಗೆ 7 ಮೆಗಾಹರ್ಟ್ಸ್ ಬ್ಯಾಂಡಿನ ಕೆಳತುದಿಗೆ ಡಯಲ್ ತಿರುಗಿಸಿ ಕೇಳಿ, ಹೋಗಿದೆಯೋ ಇದೆಯೋ ಅಂತ ಗೊತ್ತಾಗುತ್ತದೆ.

ನಾನು ಬರೆಯಹೊರಟಿದ್ದು ಕೀಯರ್ ಬಗ್ಗೆ, ಅಂದರೆ ಮೋರ್ಸ್‌ನ ಡಿಟ್ (ಚಿಕ್ಕ ಸದ್ದು), ಡಾ (ಉದ್ದ ಸದ್ದು) ಎರಡನ್ನೂ ಸರಿಯಾದ ಅಳತೆಗೆ ತಾನೇ ಮಾಡಿಕೊಡುವ ಪೆಟ್ಟಿಗೆಯ ಬಗ್ಗೆ. ನಮ್ಮ ಉಡುಪಿ, ಮಂಗಳೂರು ಕಡೆಯ ಹುಡುಗ ಹುಡುಗಿಯರು ಲೈಸೆನ್ಸ್ ತೆಗೆದುಕೊಂಡು, ಪ್ಯಾಡಲ್ (ಒಂದು ರೆಕ್ಕೆ ಒತ್ತಿದರೆ ಡಿಟ್, ಇನ್ನೊಂದು ಒತ್ತಿದರೆ ಡಾ ಕೊಡುವ ಕೀಲಿ) ತರಿಸಿ, ಎಲೆಕ್ಟ್ರಾನಿಕ್ ಕೀಯರ್‌ಗೆ ಸಿಕ್ಕಿಸಿ, ಮೊದಲ ದಿನವೇ ವೇಗ ಏರಿಸಿಬಿಡುತ್ತಾರೆ. ಆಚೆಯವರಿಗೆ ಒಂದಕ್ಷರ ಅರ್ಥವಾಗುವುದಿಲ್ಲ. ಆಮೇಲೆ 'ನನಗೆ ಕೈ ಬರುವುದಿಲ್ಲ' ಅಂತ ಪ್ಯಾಡಲ್ ಕಪಾಟಿಗೆ ಸೇರುತ್ತದೆ. ಎಷ್ಟೋ ಸಲ ತಪ್ಪು ಕೈಯದ್ದಲ್ಲ, ಸೆಟ್ಟಿಂಗಿನದ್ದು. ಇದನ್ನು ಹೇಳಿಕೊಡುವವರೇ ಕಡಿಮೆ. ನಾನು ಹೋಗಿದ್ದ ಒಂದು ತರಬೇತಿಯಲ್ಲಂತೂ ಕೀಯರನ್ನು ಮೇಜಿನ ಮೇಲೆ ಇಟ್ಟು ತೋರಿಸಿದರು, ಒಂದು ಗುಂಡಿಯನ್ನೂ ಒತ್ತಲಿಲ್ಲ!

ಮುಖ್ಯವಾದದ್ದು ಐಯಾಂಬಿಕ್ ಮೋಡ್, ಅಂದರೆ 'ಎ' ಮತ್ತು 'ಬಿ'. ಪ್ಯಾಡಲ್‌ನ ಎರಡೂ ರೆಕ್ಕೆ ಒಟ್ಟಿಗೆ ಒತ್ತಿ ಹಿಡಿದರೆ ಡಿಟ್, ಡಾ, ಡಿಟ್, ಡಾ ಅಂತ ಒಂದರ ಹಿಂದೊಂದು ಬರುತ್ತದೆ. ಬೆರಳು ಬಿಟ್ಟಾಗ ಏನಾಗುತ್ತದೆ ಅನ್ನುವುದರಲ್ಲೇ ವ್ಯತ್ಯಾಸ. ಎ ಮೋಡ್‌ನಲ್ಲಿ ಆಗ ಹೋಗುತ್ತಿರುವುದು ಮುಗಿದರೆ ಅಲ್ಲಿಗೆ ನಿಂತಿತು. ಬಿ ಮೋಡ್‌ನಲ್ಲಿ ಅದು ಮುಗಿದ ಮೇಲೆ ಅದರ ವಿರುದ್ಧದ್ದು ಇನ್ನೊಂದು ತಾನಾಗಿಯೇ ಹೋಗುತ್ತದೆ. ಈಗ ಎ ಮೋಡ್‌ನಲ್ಲಿ ಕಲಿತವರ ಕೈಗೆ ಬಿ ಮೋಡ್‌ನ ಕೀಯರ್ ಕೊಡಿ. 'ಇನ್ನು ನೀವು ಹೇಳಿ' ಅನ್ನಲು ಕೊನೆಗೆ 'ಕೆ' ಕಳಿಸುತ್ತಾರಲ್ವಾ, ಡಾ ಡಿಟ್ ಡಾ? ಒತ್ತಿ ಹಿಡಿದು ಕೊನೆಯ ಡಾ ಹೋಗುವಾಗ ಬೆರಳು ಬಿಟ್ಟರೆ ಬಾಲಕ್ಕೆ ಒಂದು ಡಿಟ್ ಅಂಟಿಕೊಂಡು ಅದು 'ಸಿ' ಆಗುತ್ತದೆ. 'ಎ' ಅಕ್ಷರ 'ಆರ್' ಆಗುತ್ತದೆ. ಬಿ ಕಲಿತವರು ಎ ಮೋಡ್‌ನಲ್ಲಿ ಕೂತರೆ ಉಲ್ಟಾ, ಕೊನೆಯ ಡಿಟ್ಟೇ ಮಾಯ, 'ಸಿ' ಹೋಗಿ 'ಕೆ'. ಪಾಪ ಕಲಿಯುವವರು ತಿಂಗಳುಗಟ್ಟಲೆ ತಮ್ಮ ಬೆರಳನ್ನೇ ಬೈದುಕೊಳ್ಳುತ್ತಾರೆ. ಮೆನುವಿನಲ್ಲಿ ಒಂದಕ್ಷರ ಬದಲಿಸಿದ್ದರೆ ಸಾಕಿತ್ತು. ಎ ಮೇಲೋ ಬಿ ಮೇಲೋ ಅಂತ ಹ್ಯಾಮ್‌ಗಳು ಜಗಳಾಡುತ್ತಲೇ ಇರುತ್ತಾರೆ, ನನಗೆ ಅದರಲ್ಲಿ ಆಸಕ್ತಿಯಿಲ್ಲ. ಒಂದನ್ನು ಹಿಡಿಯಿರಿ, ಬಿಡಬೇಡಿ. ರೇಡಿಯೋದ ಒಳಗೇ ಇರುವ ಕೀಯರ್‌ನಲ್ಲೂ ಅದೇ ಇದೆಯಾ ನೋಡಿಕೊಳ್ಳಿ.

ಇನ್ನು ವೇಗ. ಡಿಟ್ ಒಂದು ಪಾಲು, ಡಾ ಮೂರು ಪಾಲು, ಅಕ್ಷರದ ಒಳಗಿನ ಬಿಡುವು ಒಂದು ಪಾಲು. ಇಷ್ಟನ್ನು ಕೀಯರ್ ನೋಡಿಕೊಳ್ಳುತ್ತದೆ. ಅಕ್ಷರಗಳ ನಡುವೆ ಮೂರು ಪಾಲು, ಪದಗಳ ನಡುವೆ ಏಳು ಪಾಲು ಬಿಡುವುದು, ಆಟೋ ಸ್ಪೇಸ್ (ಬಿಡುವನ್ನೂ ಕೀಯರೇ ನೋಡಿಕೊಳ್ಳುವ ಸೆಟ್ಟಿಂಗ್) ಹಾಕಿಕೊಳ್ಳದಿದ್ದರೆ, ನಮ್ಮ ಕೆಲಸ. ನಮ್ಮವರು ಎಡವುವುದು ಇಲ್ಲೇ. ಡಿಟ್ಟು, ಡಾ ಎಲ್ಲ ಅಚ್ಚು ಹಾಕಿದ ಹಾಗೆ ಹೋಗುತ್ತದೆ, ಆದರೆ ಅಕ್ಷರಗಳು ರಥಬೀದಿಯ ಜಾತ್ರೆಯ ಜನರ ಹಾಗೆ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. 1200ನ್ನು ವೇಗದಿಂದ ಭಾಗಿಸಿದರೆ ಡಿಟ್‌ನ ಉದ್ದ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. ನಿಮಿಷಕ್ಕೆ 12 ಪದವಾದರೆ 100, 15ಕ್ಕೆ 80, 20ಕ್ಕೆ 60. ನನ್ನ ಸಲಹೆ ಕೇಳಿದರೆ ಕೀಯರನ್ನು 15ಕ್ಕೆ ಇಡಿ, ಅಕ್ಷರಗಳ ನಡುವೆ ಜಾಸ್ತಿಯೇ ಜಾಗ ಬಿಡಿ. ಅಕ್ಷರ ಚುರುಕಾಗಿ ಕೇಳುತ್ತದೆ, ಯೋಚಿಸಲು ಸಮಯವೂ ಸಿಗುತ್ತದೆ. ಮತ್ತೊಂದು, ನೀವು ಕಳಿಸುವ ವೇಗಕ್ಕೇ ಎದುರಿನವರು ಉತ್ತರ ಕೊಡುತ್ತಾರೆ. ಕಿವಿಗೆ 12 ಮಾತ್ರ ಹಿಡಿಸುವವರು 22ರಲ್ಲಿ ಕೂಗಿದರೆ ಆಮೇಲೆ ಯಾರನ್ನು ದೂರುವುದು?

ಹೆಚ್ಚಿನವರು ಗಮನಿಸದ ಇನ್ನೊಂದು ಕಿರಿಕಿರಿ ಇದೆ. ಕೆಲವು ರೇಡಿಯೋಗಳು ಕೇಳುವುದರಿಂದ ಕಳಿಸುವುದಕ್ಕೆ ಬದಲಾಗುವಷ್ಟರಲ್ಲಿ ಮೊದಲ ಡಿಟ್‌ನ ತಲೆ ಕತ್ತರಿಸಿಬಿಡುತ್ತವೆ. ನಮ್ಮ ದೇಶದ ಹ್ಯಾಮ್‌ಗಳ ಕರೆಸಂಕೇತ (ಗುರುತಿನ ಹೆಸರು) ಶುರುವಾಗುವುದೇ 'ವಿ'ಯಿಂದ, ಮೂರು ಡಿಟ್ ಒಂದು ಡಾ. ಮೊದಲ ಡಿಟ್ ನುಂಗಿಹೋದರೆ ಅದು 'ಯು'. 'ವಿಯು' ಅಂತ ಕರೆದವರು ಆಚೆ ಕಡೆ 'ಯುಯು' ಆಗಿಬಿಡುತ್ತಾರೆ, ಯಾವ ದೇಶದವರಪ್ಪಾ ಇವರು ಅಂತ ಅವರು ತಲೆ ಕೆರೆದುಕೊಳ್ಳಬೇಕು. ಇದಕ್ಕೇ ಅಂತ ಕೆಲವು ಕೀಯರ್‌ಗಳಲ್ಲಿ ಮೊದಲ ಡಿಟ್ ಉದ್ದ ಮಾಡುವ ಸೆಟ್ಟಿಂಗ್ ಇರುತ್ತದೆ, ಹುಡುಕಿ. ಪ್ರತಿ ಡಿಟ್ಟೂ ಸಣಕಲಾಗಿ ಕೇಳುತ್ತಿದ್ದರೆ ವೆಯ್ಟ್ (ಬಿಡುವಿಗೆ ಹೋಲಿಸಿದರೆ ಸದ್ದು ಎಷ್ಟು ಉದ್ದ ಅನ್ನುವ ಸೆಟ್ಟಿಂಗ್) ಅನ್ನು 50ರಿಂದ ಸ್ವಲ್ಪವೇ ಮೇಲೆ ತನ್ನಿ. ಸುಮ್ನೆ 60, 65 ಅಂತ ಏರಿಸಿದರೆ ಎಲ್ಲ ಅಂಟು ಅಂಟಾಗಿ ಕೇಳುತ್ತದೆ. ಇದನ್ನೆಲ್ಲ ಕೀಯರ್‌ನ ಸ್ವಂತ ಸ್ವರ ಕೇಳಿ ತೀರ್ಮಾನಿಸಬೇಡಿ, ಅದು ಯಾವಾಗಲೂ ಸರಿಯಾಗಿಯೇ ಕೇಳುತ್ತದೆ. ಗೆಳೆಯರೊಬ್ಬರು ಬೇರೆ ರೇಡಿಯೋದಲ್ಲಿ ಕೇಳಿ ಹೇಳಬೇಕು.

ಎಡಗೈಯವರು ಪ್ಯಾಡಲ್‌ನ ತಂತಿ ಬಿಚ್ಚಿ ಬೆಸೆಯಬೇಕಾಗಿಲ್ಲ, ಮೆನುವಿನಲ್ಲೇ ಅದಲುಬದಲು ಮಾಡಬಹುದು. ಎಲ್ಲ ಸೆಟ್ಟಿಂಗ್ ಸರಿಯಿದ್ದೂ ಡಿಟ್ ತಪ್ಪಿಹೋಗುತ್ತಿದ್ದರೆ ಅದು ನಮ್ಮ ಕಡಲ ಗಾಳಿಯ ಕೆಲಸ. ಮಲ್ಪೆಯಂಥ ಕಡೆ ಪ್ಯಾಡಲ್‌ನ ಕಾಂಟ್ಯಾಕ್ಟ್ ಬೇಗ ಮಂಕಾಗುತ್ತದೆ. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಬಿಳಿ ಕಾಗದದ ತುಂಡು ನಡುವೆ ಇಟ್ಟು, ಮೆಲ್ಲಗೆ ಒತ್ತಿ ಎಳೆದರೆ ಸಾಕು. ಕಾಗದದ ಮೇಲೆ ಕಪ್ಪು ಗೆರೆ ಬಂದರೆ ಕಾರಣ ಸಿಕ್ಕಿತು.

ತರಬೇತಿ ನಡೆಸುವ ಕ್ಲಬ್ಬು, ಕಾಲೇಜುಗಳವರಲ್ಲಿ ಒಂದು ಕೋರಿಕೆ. ಹ್ಯಾಮ್ ಲೈಸೆನ್ಸಿನ ಜನರಲ್ ದರ್ಜೆಯ ಪರೀಕ್ಷೆಗೆಂದು ನಿಮಿಷಕ್ಕೆ 8 ಪದ ಕಲಿಸಿಕೊಂಡು ಬಂದಿದ್ದೀರಿ, ಅದರ ಜೊತೆ ಒಂದು ಗಂಟೆ ಕೀಯರ್‌ಗೆ ಕೊಡಿ. ಎ, ಬಿ ಎರಡೂ ಮೋಡ್‌ನಲ್ಲಿ ಅದೇ 'ಕೆ' ಅಕ್ಷರ ಕಳಿಸಿ ಕೇಳಿಸಿ. ಮಳೆಗಾಲವೇ ಇದಕ್ಕೆ ಒಳ್ಳೆಯ ಹೊತ್ತು. ಗುಡುಗು ಸಿಡಿಲಿಗೆ ಹೇಗೂ ಆಂಟೆನಾ ಕಳಚಿಡಬೇಕು, ಕೀಯರ್ ಅಭ್ಯಾಸಕ್ಕೆ ಆಂಟೆನಾ ಬೇಡ, ಒಂದು ಬ್ಯಾಟರಿ ಸಾಕು.

ಒಬ್ಬ ಹ್ಯಾಮ್ ಓದುಗ,
ಮಲ್ಪೆ, ಉಡುಪಿ