ಆ ಕೆಸರಿನ ಮುಂದೆ ಇನ್ನೂ ಸ್ವಲ್ಪ ಹೊತ್ತು

ಪ್ರೀತಿಯ ಪುಟ್ಟಿ,

ನೀನು ಹಾಸ್ಟೆಲ್‌ಗೆ ಹೋಗಿ ಮೂರು ವಾರ ಆಯ್ತು. ಊಟ ಸೇರುತ್ತಿದೆಯಾ? ಚಟ್ನಿಪುಡಿ ಖಾಲಿಯಾಗಿರಬೇಕು, ಅಮ್ಮ ಮತ್ತೆ ಮಾಡಿಟ್ಟಿದ್ದಾಳೆ. ಫೋನಿನಲ್ಲಿ ಐದು ನಿಮಿಷದಲ್ಲಿ ಮುಗಿಯದ ಒಂದು ಮಾತಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕೆಮ್ಮಣ್ಣುಗುಂಡಿಯ ಮೊದಲ ಬೆಳಿಗ್ಗೆ ನೆನಪಿದೆ ಅಲ್ವಾ? ಇನ್ನೂ ಕತ್ತಲು. ಹೊರಗೆ ಯಾರೋ ಸಿಳ್ಳೆ ಹಾಕುತ್ತಿದ್ದರು. ಹಾಡು ಅರ್ಧ ಗೊತ್ತಿರುವ ಹುಡುಗ ನೆನಪಾದಷ್ಟು ಹಾಡಿ, ನಿಲ್ಲಿಸಿ, ಮತ್ತೆ ಬೇರೆಲ್ಲಿಂದಲೋ ಶುರು ಮಾಡಿದ ಹಾಗೆ. ನಾನು ಹೊದಿಕೆ ಎಳೆದುಕೊಂಡೆ. ನೀನು ಆಗಲೇ ಸ್ವೆಟರ್ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದೆ. ಅಡುಗೆಯವರು ಹೇಳಿದರು, "ಮನುಷ್ಯರಲ್ಲ ಸಾರ್, ಸಿಳ್ಳಾರ." ಚರಂಡಿಯ ಕಲ್ಲಿನ ಮೇಲೆ ಕೂತಿತ್ತು. ಮೊದಲು ಬರೀ ಕಪ್ಪು ಅನ್ನಿಸಿತು. ಅದು ಒಂದು ಸಲ ಮೈ ತಿರುಗಿಸಿದಾಗ ಭುಜದ ಮೇಲೆ ನೀಲಿ ಮಿಂಚಿತು. "ಅಪ್ಪಾ, ಶಾಯಿ ಚೆಲ್ಲಿದೆ" ಅಂದೆ ನೀನು. ಮಳೆ ಹತ್ತಿರವಾದಾಗಲೇ ಆ ಹಕ್ಕಿ ಜಾಸ್ತಿ ಹಾಡೋದು. ಚಳಿಗಾಲದಲ್ಲಿ ಹೋಗಿದ್ದರೆ ನಮಗೆ ಈ ಹಾಡು ಸಿಗುತ್ತಿರಲಿಲ್ಲ.

ಆ ಊರಿನ ಹೆಸರೇ ಕೆಂಪು ಮಣ್ಣಿನ ಗುಂಡಿ. ಒಂದು ಕಾಲದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಅದೇ ಬೆಟ್ಟದಿಂದ. ನಿನ್ನ ಚಿಟ್ಟೆಗಳು ಕೂತಿದ್ದೂ ಆ ಕೆಂಪು ಮಣ್ಣಿನ ಮೇಲೇ. ನಾನು ಹೇಳಬೇಕಾಗಿರೋದು ಅದರ ಬಗ್ಗೆ.

ಝಡ್ ಪಾಯಿಂಟ್‌ಗೆ ಹೋಗುವ ದಾರಿ. ಶಾಂತಿ ಫಾಲ್ಸ್ ಹತ್ತಿರ ಕಲ್ಲಿನ ಪಕ್ಕ ನೀರು ಜಿನುಗಿ ಒಂದು ತಟ್ಟೆ ಅಗಲದಷ್ಟು ಕೆಸರಾಗಿತ್ತು. ಅದರ ಮೇಲೆ ಇಪ್ಪತ್ತು ಇಪ್ಪತ್ತೈದು ಚಿಟ್ಟೆಗಳು, ರೆಕ್ಕೆ ಮಡಚಿ, ಸಾಲಾಗಿ. ಕಪ್ಪು ರೆಕ್ಕೆಯ ನಡುವೆ ತಿಳಿನೀಲಿ ಪಟ್ಟಿ ಇರುವ ಬ್ಲೂಬಾಟಲ್‌ಗಳೇ ಜಾಸ್ತಿ. ನೀನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಕಾಲಿಗೆ ಇಂಬಳ ಹತ್ತಿದ್ದೂ ನಿನಗೆ ಗೊತ್ತಾಗಲಿಲ್ಲ. "ಅಪ್ಪಾ, ನೋಡು, ಕುಡೀತಾ ಕುಡೀತಾನೇ ಹಿಂದಿನಿಂದ ನೀರು ಬಿಡ್ತಿದೆ!" ನಿಜ, ಹೊಟ್ಟೆಯ ತುದಿಯಿಂದ ಹನಿ ಹನಿಯಾಗಿ ನೀರು ಚಿಮ್ಮುತ್ತಿತ್ತು. ನಾನು ನೋಡಿದೆ, ಆದರೆ ಕೂರಲಿಲ್ಲ. "ಬೇಗ ಏಳು, ಮಂಜು ಮುಚ್ಚಿದರೆ ಮೇಲೆ ಏನೂ ಕಾಣಲ್ಲ" ಅಂದೆ. ಎರಡನೇ ಸಲ ಗದರಿದೆ. ಮೂರನೇ ಸಲ ಕೈ ಹಿಡಿದು ಎಬ್ಬಿಸಿದೆ.

ಮೇಲೆ ಹೋದರೆ ಬರೀ ಬಿಳಿ ಮಂಜು. ವಾಪಸ್ ಬರುವಾಗ ಮಳೆ. ಕೆಸರಿನ ಮೇಲೆ ಒಂದೂ ಚಿಟ್ಟೆ ಇರಲಿಲ್ಲ. ನೀನು ಏನೂ ಅನ್ನಲಿಲ್ಲ ಪುಟ್ಟಿ, ಸುಮ್ನೆ ನಡೆದೆ. ಆ ಮೌನ ನನಗೆ ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಓದಿ ತಿಳಿದುಕೊಂಡೆ. ಅವು ಬರೀ ಬಾಯಾರಿಕೆಗೆ ಕುಡಿಯೋದಲ್ಲವಂತೆ. ಹೂವಿನ ಮಕರಂದದಲ್ಲಿ ಸಿಹಿ ಇದೆ, ಉಪ್ಪು ಬಹಳ ಕಡಿಮೆ. ಅದಕ್ಕೇ ಒದ್ದೆ ಮಣ್ಣಿಗೆ ಬರೋದು. ನೀರು ಹೀರಿ, ಉಪ್ಪು ಉಳಿಸಿಕೊಂಡು, ಉಳಿದ ನೀರನ್ನು ಹೊರಗೆ ಹಾಕುತ್ತವೆ. ನೀನು ಕಂಡ ಹನಿ ಅದೇ. ಹಾಗೆ ಬರುವವು ಹೆಚ್ಚಾಗಿ ಗಂಡುಗಳು. ಆ ಉಪ್ಪು ಅವುಗಳಿಂದ ಹೆಣ್ಣಿಗೆ, ಅವಳಿಂದ ಮೊಟ್ಟೆಗಳಿಗೆ ಸೇರುತ್ತದಂತೆ. ನಾನು ನಿನ್ನನ್ನು ಎಬ್ಬಿಸಿಕೊಂಡು ಹೋದ ಆ ಜಾಗದಲ್ಲಿ ನೀನು ಇಷ್ಟನ್ನೆಲ್ಲ ನೋಡುತ್ತಿದ್ದೆ.

ಮಾರನೇ ದಿನ ಗುಲಾಬಿ ತೋಟದ ಆಚೆ ಮರದ ತಲೆಯ ಮೇಲೆ ನಿಧಾನವಾಗಿ ರೆಕ್ಕೆ ಬಡಿಯುತ್ತಾ ಹೋಯಿತಲ್ಲ, ನಾನು ಹಕ್ಕಿ ಅಂದುಕೊಂಡಿದ್ದು? ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಹಳದಿ. ನಮ್ಮ ರಾಜ್ಯದ ಚಿಟ್ಟೆ, ಸದರ್ನ್ ಬರ್ಡ್‌ವಿಂಗ್. "ಭಾರತದಲ್ಲೇ ದೊಡ್ಡದು" ಅಂದೆ ನಾನು. "2020ರಲ್ಲೇ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ ಅದನ್ನ ಹಿಂದೆ ಹಾಕಿತು ಅಪ್ಪ, ಬರೀ 4 ಮಿಲಿಮೀಟರಲ್ಲಿ" ಅಂತ ನೀನು ತಿದ್ದಿದೆ. ನಮ್ಮ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ತಿನ್ನೋದು ಈಶ್ವರಿ ಬಳ್ಳಿ ಜಾತಿಯ ಎಲೆಗಳನ್ನು, ಆ ವಿಷ ಮೈಯಲ್ಲೇ ಉಳಿಯುವುದರಿಂದ ಹಕ್ಕಿಗಳು ಅದರ ತಂಟೆಗೆ ಬರಲ್ಲ ಅಂತಲೂ ನೀನೇ ಹೇಳಿದ್ದು.

ಈಗ ಮನೆಯ ಸುದ್ದಿ. ನೀನು ಹೋದ ಮಾರನೇ ದಿನ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದೆ. ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗಿತ್ತು. ಕಡ್ಡಿಯಿಂದ ತಳ್ಳಲು ಹೋದೆ, ಹಿಕ್ಕೆ ತಲೆ ಎತ್ತಿತು! ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿತು, ಘಾಟು ವಾಸನೆ ಬೇರೆ. ಪ್ರತಿ ವರ್ಷ ಇವನ್ನು ಹುಳ ಅಂತ ಕಿತ್ತು ಎಸೆಯುತ್ತಿದ್ದೆವಲ್ಲ. ಕಾಮನ್ ಮಾರ್ಮನ್ ಚಿಟ್ಟೆಯ ಮರಿಗಳು ಅವು. ಎಣಿಸಿದರೆ ಐದು. ಈ ಸಲ ಮುಟ್ಟಲಿಲ್ಲ. ಅಮ್ಮ ಒಗ್ಗರಣೆಗೆ ಎದುರುಮನೆಯ ಗಿಡದಿಂದ ಎಲೆ ತರುತ್ತಿದ್ದಾಳೆ.

ಆಮೇಲೆ ಹುಳುಗಳು ದಪ್ಪಗಾಗಿ ಹಸಿರಾದವು. ಒಂದು ಬೆಳಿಗ್ಗೆ ನೋಡಿದರೆ ಮೂರೇ ಇದ್ದವು. ಆ ಹೊತ್ತಿಗೆ ಕಾಂಪೌಂಡಿನ ಮೇಲೆ ಮಡಿವಾಳ ಹಕ್ಕಿ ಬಾಲ ಎತ್ತಿ ಕೂತಿತ್ತು. ಓಡಿಸೋಣ ಅಂತ ಕೈ ಎತ್ತಿದವನು ಇಳಿಸಿದೆ. ಅದಕ್ಕೂ ಗೂಡಲ್ಲಿ ಮರಿಗಳಿರಬಹುದು ಅಂತ ನೀನು ಹೇಳುತ್ತಿದ್ದೆ.

ಉಳಿದ ಮೂರರಲ್ಲಿ ಎರಡು ಎತ್ತ ಹೋದವೋ ಕಾಣಲಿಲ್ಲ. ಒಂದು ಮಾತ್ರ ನಮ್ಮ ಕಣ್ಣೆದುರೇ ಕೋಶ ಕಟ್ಟಿದೆ. ಬಾಲದ ತುದಿ ಕಡ್ಡಿಗೆ ಅಂಟಿದೆ. ಸೊಂಟಕ್ಕೆ ಒಂದೇ ಒಂದು ಎಳೆ ದಾರ ಸುತ್ತಿಕೊಂಡು, ತಲೆ ಮೇಲೆ ಮಾಡಿ ಒರಗಿದೆ, ಥೇಟ್ ತೆಂಗಿನ ಮರ ಹತ್ತುವವರ ಹಾಗೆ. ಗಾಳಿ ಬಂದರೂ ಅಲುಗಲ್ಲ. ಇವತ್ತಿಗೆ ಎಂಟನೇ ದಿನ. ಸಾಮಾನ್ಯವಾಗಿ ಬೆಳಗಿನ ಹೊತ್ತಲ್ಲೇ ಹೊರಗೆ ಬರೋದಂತೆ. ಬಂದ ತಕ್ಷಣ ಹಾರಲ್ಲ, ರೆಕ್ಕೆ ಅರಳಿ ಒಣಗುವ ತನಕ ಅಲ್ಲೇ ಜೋತಾಡಿಕೊಂಡು ಇರುತ್ತದೆ.

ನಾಳೆಯಿಂದ ಕೆಲವು ದಿನ ತಡವಾಗಿ ಬರುತ್ತೇನೆ ಅಂತ ಆಫೀಸಿನಲ್ಲಿ ಹೇಳಿದ್ದೇನೆ. ಕುಂಡದ ಪಕ್ಕ ನಿನ್ನ ಮಣೆ ಹಾಕಿಟ್ಟಿದ್ದೇನೆ.

ನಿನ್ನ ಅಪ್ಪ